ಐನೂರು ಕೋಟಿ ಹಕ್ಕಿ ಹೇಗೆ ಮುಗಿಯಿತು?

ಪ್ರಶ್ನೆ: ಮೇಷ್ಟ್ರೇ, ಅಮೆರಿಕದಲ್ಲಿ ಪ್ಯಾಸೆಂಜರ್ ಪಿಜನ್ ಅಂತ ಪಾರಿವಾಳ ಇತ್ತಂತೆ. ಮುನ್ನೂರರಿಂದ ಐನೂರು ಕೋಟಿ ಇದ್ದದ್ದು ಒಂದೂ ಉಳಿಯಲಿಲ್ಲ ಅಂತ ಮಗಳು ಓದಿ ಹೇಳಿದಳು. ಬರೀ ಕೋವಿಯಿಂದ ಅಷ್ಟು ಕೊಲ್ಲೋಕೆ ಆಗುತ್ತಾ? ನಮ್ಮಲ್ಲಿ ಮೆಕ್ಕೆಜೋಳ ಹರವಿದರೆ ಪಾರಿವಾಳ ಓಡಿಸೋಕೇ ಒಬ್ಬ ಆಳು ಬೇಕು!
— ಒಬ್ಬ ದಲಾಲರು, ಎಪಿಎಂಸಿ ಯಾರ್ಡ್, ದಾವಣಗೆರೆ

ಉತ್ತರ: ಸಾವ್ಕಾರ್ರೇ, ನಿಮ್ಮ ಯಾರ್ಡಿನ ಗಿರಾಕಿಯೇ ಬೇರೆ. ಗೋಡೆ ಸಂದಿಯೋ ಶೀಟಿನ ಕೆಳಗೋ, ಎಲ್ಲಾದರೂ ನಾಲ್ಕು ಕಡ್ಡಿ ಇಟ್ಟು, ಸಲಕ್ಕೆ ಎರಡು ಮೊಟ್ಟೆಯಂತೆ ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ. ಪ್ಯಾಸೆಂಜರ್ ಪಿಜನ್ ಗೂಡಿಗೆ ಇಡುತ್ತಿದ್ದದ್ದು ಒಂದೇ ಮೊಟ್ಟೆ. ಅದೂ ಓಕ್, ಬೀಚ್ ಮರದ ಬೀಜ ಧಾರಾಳವಾಗಿ ಬಿದ್ದ ಕಾಡಿನಲ್ಲಿ, ಲಕ್ಷಗಟ್ಟಲೆ ಒಟ್ಟಿಗೆ ಕೂಡಿ. 1813ರಲ್ಲಿ ಕೆಂಟಕಿಯಲ್ಲಿ ಚಿತ್ರಕಾರ ಆಡುಬಾನ್ ಕಂಡ ಹಿಂಡು ಮೂರು ದಿನ ಹಾರುತ್ತಲೇ ಇತ್ತು. ನಡುಮಧ್ಯಾಹ್ನದ ಬಿಸಿಲು ಗ್ರಹಣ ಹಿಡಿದಂತೆ ಮಂಕಾಯಿತೆಂದು ಬರೆದಿದ್ದಾನೆ.

ಕೋವಿಗಿಂತ ಹೆಚ್ಚು ಕೆಲಸ ಮಾಡಿದ್ದು ತಂತಿ (ಟೆಲಿಗ್ರಾಂ) ಮತ್ತು ರೈಲು. ರೇಟೂ ಲಾರಿಯೂ ಒಟ್ಟಿಗೆ ಸಿಕ್ಕ ಮಾಲು ಯಾರ್ಡಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ನಿಮಗೆ ಗೊತ್ತಲ್ಲ! ಇಂಥ ಕಾಡಿನಲ್ಲಿ ಹಕ್ಕಿ ಗೂಡು ಕಟ್ಟಿದೆ ಎಂದು ತಂತಿ ಹೋದರೆ ಸಾಕು, ಬೇಟೆಯನ್ನೇ ಕಸುಬು ಮಾಡಿಕೊಂಡವರು ಊರೂರಿಂದ ಬಂದಿಳಿಯುತ್ತಿದ್ದರು. ಒಂದು ಪಾರಿವಾಳ ಹಿಡಿದು ಕಣ್ಣರೆಪ್ಪೆ ಹೊಲಿದು, ಕೋಲಿನ ತುದಿಯ ಪುಟ್ಟ ಹಲಗೆಗೆ ಕಟ್ಟುತ್ತಿದ್ದರು. ಕೋಲು ಸರ್ರನೆ ಇಳಿಸಿದರೆ ಅದು ರೆಕ್ಕೆ ಬಡಿಯುತ್ತದೆ. ಮೇಲೆ ಹಾರುವ ಹಿಂಡಿಗೆ, ನಮ್ಮವನೊಬ್ಬ ಮೇವಿಗೆ ಇಳಿಯುತ್ತಿದ್ದಾನೆ ಎನಿಸುತ್ತದೆ. ಅದೂ ಇಳಿಯುತ್ತದೆ, ಮೇಲೆ ಬಲೆ ಬೀಳುತ್ತದೆ. ಗೂಡಿನ ಮರಿಗಳನ್ನು ಗಳುವಿನಿಂದ ತಿವಿದು ಬೀಳಿಸುತ್ತಿದ್ದರು. 1878ರಲ್ಲಿ ಮಿಷಿಗನ್ನಿನ ಪೆಟಾಸ್ಕಿಯಲ್ಲಿ ಹೆಚ್ಚುಕಡಿಮೆ ಐದು ತಿಂಗಳು ದಿನಕ್ಕೆ 50,000ದಂತೆ ಕೊಂದರೆಂಬ ಲೆಕ್ಕವಿದೆ. ಪೀಪಾಯಿಗೆ ತುಂಬಿ ರೈಲಿಗೆ ಹಾಕಿದರೆ ದೊಡ್ಡ ಪಟ್ಟಣಗಳ ಮಾರುಕಟ್ಟೆ. ಅತ್ತ ಕಾಡೂ ಕೊಡಲಿಗೆ ಬಿತ್ತು. ವರ್ಷ ವರ್ಷವೂ ಮರಿ ಹಾರುವ ಮೊದಲೇ ಗೂಡು ಹಾಳಾದರೆ ಮುದಿ ಹಕ್ಕಿಯ ಜಾಗಕ್ಕೆ ಬರುವವರು ಯಾರು? ಹಿಂಡು ಚಿಕ್ಕದಾದ ಮೇಲೆ ಅದಕ್ಕೆ ಸರಿಯಾಗಿ ಸಂತಾನ ನಡೆಸಲೂ ಆಗಲಿಲ್ಲ ಎನ್ನುವ ತಜ್ಞರೂ ಇದ್ದಾರೆ.

1857ರಲ್ಲಿ ಒಹಾಯೋ ಶಾಸನಸಭೆಯ ಸಮಿತಿಯೊಂದು ಈ ಹಕ್ಕಿಗೆ ರಕ್ಷಣೆಯೇ ಬೇಡ, ಅಷ್ಟು ಹೇರಳವಾಗಿದೆ ಎಂದು ವರದಿ ಕೊಟ್ಟಿತ್ತು. ಅವರನ್ನು ದಡ್ಡರೆನ್ನಲಾರೆ, ಕಿಟಕಿಯಾಚೆ ಕಂಡದ್ದನ್ನೇ ಬರೆದರು. ಕೊನೆಯ ಹಕ್ಕಿ ಮಾರ್ಥಾ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಅದನ್ನು ಮಂಜುಗಡ್ಡೆಯಲ್ಲಿ ಹುದುಗಿಸಿ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯ ಸ್ಮಿತ್ಸೋನಿಯನ್‌ಗೆ ಕಳಿಸಿದರು. ಹೋದದ್ದು ರೈಲಿನಲ್ಲೇ!

ಕಾನೂನು ಬಾರದೆ ಇರಲಿಲ್ಲ. ಕದ್ದು ಕೊಂದ ಪ್ರಾಣಿಪಕ್ಷಿಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಬಾರದೆಂಬ ಲೇಸಿ ಕಾಯ್ದೆ 1900ರಲ್ಲಿ, ವಲಸೆ ಹಕ್ಕಿಗಳ ಕಾಯ್ದೆ 1918ರಲ್ಲಿ. ಲೇಸಿ ಕಾಯ್ದೆ ಸರಿಯಾಗಿ ಮಾರುಕಟ್ಟೆಯ ದಾರಿಗೇ ಅಡ್ಡ ನಿಂತಿತು. ಬೇರೆ ಎಷ್ಟೋ ಹಕ್ಕಿ ಉಳಿದವು, ಇದೊಂದು ಬಿಟ್ಟು.

ಪ್ರಶ್ನೆ: ನಮ್ಮ ಕಡೆ ದನ ಸತ್ತರೆ ರಣಹದ್ದು ಮುತ್ತುತ್ತಿದ್ದವು ಅಂತ ಅಪ್ಪ ಹೇಳ್ತಾರೆ. ಅವನ್ನೂ ಹೀಗೇ ಹೊಡೆದು ಮುಗಿಸಿದರಾ ಸಾರ್?
— ಒಬ್ಬ ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಇಲ್ಲಪ್ಪ, ಅವನ್ನು ಯಾರೂ ಹೊಡೆಯಲಿಲ್ಲ. ದನಕ್ಕೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಹೆಣದಲ್ಲಿ ಉಳಿದು, ತಿಂದ ಹದ್ದಿನ ಮೂತ್ರಪಿಂಡ ಕೆಡಿಸಿತು. 1992ರಿಂದ 2007ರೊಳಗೆ ನಮ್ಮ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99ಕ್ಕೂ ಹೆಚ್ಚು ಪಾಲು ಇಲ್ಲವಾಯಿತು. 2006ರಲ್ಲಿ ಪಶುಗಳಿಗೆ ಆ ಔಷಧ ನಿಷೇಧವಾಯಿತು. ಆದರೂ ಮನುಷ್ಯರ ದೊಡ್ಡ ಬಾಟಲಿಯಿಂದಲೇ ದನಕ್ಕೆ ಚುಚ್ಚುವವರಿದ್ದರು, ಅದಕ್ಕೇ 2015ರಲ್ಲಿ ಬಾಟಲಿಯನ್ನು 3 ಮಿ.ಲೀ.ಗೆ ಇಳಿಸಿದರು. ನಿಮ್ಮ ಮನೆಯ ಎತ್ತಿಗೆ ಕಾಲುನೋವು ಬಂದರೆ ಮೆಲಾಕ್ಸಿಕಾಮ್ ಎಂಬ ನೋವಿನ ಔಷಧ ಕೊಡಬಹುದಾ ಎಂದು ಪಶುವೈದ್ಯರನ್ನು ಕೇಳಲು ಅಪ್ಪನಿಗೆ ಹೇಳು, ಅದು ಹದ್ದಿಗೆ ಅಪಾಯ ಮಾಡುವುದಿಲ್ಲ.