ಆನ್‌ಲೈನ್ ಆಟಗಳ ಲೋಕ ಬೆಳೆಯುತ್ತಲೇ ಇರುವಾಗ ಅಲ್ಲಿ ಒಂದು ಮನೆ ಸಿಗುವುದು ಏಕೆ ಕಷ್ಟ?

ನೀವು ಕೇಳಿರುವುದು ಎರಡು ಪ್ರಶ್ನೆ. ಕಂಪ್ಯೂಟರಿನೊಳಗಿನ ಲೋಕದಲ್ಲಿ ನೆಲಕ್ಕೆ ಖರ್ಚೇ ಇಲ್ಲದಿರುವಾಗ, ಎರಡು ವರ್ಷಕ್ಕೊಮ್ಮೆ ಹೊಸ ಖಂಡವನ್ನೇ ತಂದು ಜೋಡಿಸುವ ಕಂಪನಿಗಳು ಆಟಗಾರರಿಗೆಲ್ಲ ಒಂದೊಂದು ಮನೆ ಕೊಡಲು ಏಕೆ ಹಿಂದೆಮುಂದೆ ನೋಡುತ್ತವೆ ಎಂಬುದು ಮೊದಲನೆಯದು. ಮಣಿಪಾಲದ ಹಾಸ್ಟೆಲಿನಲ್ಲಿರುವ ನೀವು ನಾಲ್ವರು ಗೆಳೆಯರು ಮನೆಗಾಗಿಯೇ ಒಂದು ರೋಲ್ ಪ್ಲೇಯಿಂಗ್ ಆಟ, ಅಂದರೆ ಒಂದು ಪಾತ್ರ ವಹಿಸಿಕೊಂಡು ಆಡುವ ಆಟ, ಆರಿಸುವುದಾದರೆ ಯಾವುದನ್ನು ಆರಿಸಬೇಕು ಎಂಬುದು ಎರಡನೆಯದು. ನಾನು ಮಂಗಳೂರಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸದಲ್ಲಿರುವವನು, ಇಂತಹ ಆಟಗಳನ್ನು ಬಹಳ ಕಾಲದಿಂದ ಆಡಿಕೊಂಡು ಬಂದವನು. ಆದ್ದರಿಂದ ಎರಡಕ್ಕೂ ಒಂದಿಷ್ಟು ವಿವರವಾಗಿಯೇ ಉತ್ತರಿಸುತ್ತೇನೆ.

ನಿಮ್ಮ ಊಹೆ ಸರಿಯಾಗಿದೆ, ನೆಲಕ್ಕೆ ಬರವಿಲ್ಲ. ಬರ ಇರುವುದು ನೆರೆಕರೆಗೆ. ಜನ ಹಾದುಹೋಗುವ ದಾರಿಯ ಬದಿಯಲ್ಲಿ, ನಾಲ್ಕು ಮಂದಿ ನೋಡಿ ಗುರುತಿಸುವ ಜಾಗದಲ್ಲಿ ತನ್ನ ಮನೆ ಇರಬೇಕೆಂದು ಆಟಗಾರ ಬಯಸುತ್ತಾನೆ. ಲೋಕವನ್ನು ಹಿಗ್ಗಿಸಿದರೆ ಅಂತಹ ಜಾಗಗಳು ಹೆಚ್ಚುವುದಿಲ್ಲ; ಇದ್ದ ಜನವೇ ಹಂಚಿಹೋಗಿ, ಮೊದಲಿದ್ದ ದಾರಿಗಳೂ ಬಿಕೋ ಎನ್ನತೊಡಗುತ್ತವೆ.

ಇದನ್ನು ಎಲ್ಲರಿಗಿಂತ ಮೊದಲು ಅನುಭವಿಸಿದ್ದು 1997ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಅಲ್ಟಿಮಾ ಆನ್‌ಲೈನ್. ಅಲ್ಲಿ ಆಟಗಾರ ಮನೆಯ ಹಕ್ಕುಪತ್ರ ಕೊಂಡು, ಊರಿನ ಹೊರಗೆ ಸಮತಟ್ಟಾದ ಖಾಲಿ ಜಾಗ ಎಲ್ಲಿ ಕಂಡರೂ ಅಲ್ಲಿ ಮನೆ ನಿಲ್ಲಿಸಬಹುದಿತ್ತು. ಬಡಾವಣೆ, ಗಡಿಕಲ್ಲು ಯಾವುದೂ ಇರಲಿಲ್ಲ. ಗಳಿಸಿದ ಸಾಮಾನನ್ನು ಭದ್ರವಾಗಿ ಇಡುವ ಉಗ್ರಾಣವೂ ಅದೇ, ಮಾರಾಟಕ್ಕೆ ಒಬ್ಬ ಆಳನ್ನು ನಿಲ್ಲಿಸಿದರೆ ಅಂಗಡಿಯೂ ಅದೇ. ಹೀಗಾಗಿ ಪಟ್ಟಣಗಳ ಅಂಚಿನಲ್ಲಿ, ದೂರದ ಊರುಗಳಿಗೆ ದಾಟಿಸುವ ಚಂದ್ರದ್ವಾರಗಳ ಬಳಿಯಲ್ಲಿ ಇದ್ದ ಮನೆಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಸ್ವಲ್ಪ ಕಾಲದಲ್ಲೇ ಮನೆ ಇಡಲು ಜಾಗವಿಲ್ಲವಾಯಿತು, ಆಟದೊಳಗಿನ ಮನೆಗಳು ಈಬೇಯಲ್ಲಿ ನಿಜವಾದ ಡಾಲರುಗಳಿಗೆ ಬಿಕರಿಯಾಗತೊಡಗಿದವು.

ಒತ್ತಡ ತಗ್ಗಿಸಲು ಆ ಆಟ ಹಿಡಿದ ಮೊದಲ ದಾರಿ ಸವೆತ. ಒಡೆಯ ಬಂದುಹೋಗದ ಮನೆ ಹಂತಹಂತವಾಗಿ ಹಳತಾಗುತ್ತದೆ, ಮನೆಯ ಫಲಕವನ್ನು ಕ್ಲಿಕ್ ಮಾಡಿದರೆ ಅದರ ಸ್ಥಿತಿ ಕಾಣುತ್ತದೆ: ಹೊಸದರಂತಿದೆ, ತುಸು ಸವೆದಿದೆ, ಒಂದಷ್ಟು ಸವೆದಿದೆ, ಸಾಕಷ್ಟು ಸವೆದಿದೆ, ಬಹಳ ಸವೆದಿದೆ, ಕಡೆಗೆ ಕುಸಿಯುವ ಅಪಾಯದಲ್ಲಿದೆ. ಈ ಕೊನೆಯ ಹಂತದ ಮನೆಯನ್ನು ಆಟಗಾರರು ಐಡಾಕ್ ಎಂದು ಕರೆಯುತ್ತಿದ್ದರು. ಅಂತಹ ಮನೆಯ ಸುತ್ತ ಹತ್ತಾರು ಮಂದಿ ಕಾದು ನಿಲ್ಲುತ್ತಿದ್ದರು. ಮನೆ ಬಿದ್ದ ಗಳಿಗೆಯಲ್ಲಿ ಒಳಗಿನ ಸಾಮಾನು ನೆಲಕ್ಕೆ ಚೆಲ್ಲಿ ಸಿಕ್ಕಿದವರ ಪಾಲಾಗುತ್ತಿತ್ತು, ನಿವೇಶನ ಮೊದಲು ಹಕ್ಕುಪತ್ರ ಊರಿದವನದ್ದಾಗುತ್ತಿತ್ತು. ಲೋಕದ ಆರ್ಥಿಕತೆಯ ದೃಷ್ಟಿಯಿಂದ ಇದು ಬಹಳ ಜಾಣ ವ್ಯವಸ್ಥೆ. ಪರೀಕ್ಷೆಯೋ ಕಾಯಿಲೆಯೋ ಎಂದು ಆಟದಿಂದ ದೂರ ಉಳಿದವನ ದೃಷ್ಟಿಯಿಂದ ನೋಡಿದರೆ ಮಾತ್ರ ಅದರ ಕ್ರೌರ್ಯ ಕಾಣುತ್ತದೆ.

ಎರಡನೆಯ ದಾರಿಯೇ ನಿಮ್ಮ ಪ್ರಶ್ನೆಯಲ್ಲಿರುವುದು, ಅಂದರೆ ಲೋಕವನ್ನು ಹಿಗ್ಗಿಸುವುದು. 2000ದಲ್ಲಿ ಆ ಆಟ ತನ್ನ ಇಡೀ ಭೂಪಟದ ಇನ್ನೊಂದು ಪ್ರತಿಯನ್ನು ತೆರೆಯಿತು. ಹಳೆಯದಕ್ಕೆ ಫೆಲುಕ್ಕಾ ಎಂದೂ ಹೊಸದಕ್ಕೆ ಟ್ರಾಮೆಲ್ ಎಂದೂ ಹೆಸರಾಯಿತು. ಮನೆ ಕಟ್ಟುವ ನೆಲ ಒಂದೇ ಏಟಿಗೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಟ್ರಾಮೆಲ್‌ನಲ್ಲಿ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಆಟಗಾರನನ್ನು ಕೊಲ್ಲುವಂತಿರಲಿಲ್ಲ, ಆದ್ದರಿಂದ ಜನ ಗುಳೆ ಹೋದದ್ದು ನೆಲಕ್ಕಾಗಿ ಮಾತ್ರ ಎಂದು ನಾನು ಹೇಳಲಾರೆ. ಬಹುಮಂದಿಗೆ ನೆಮ್ಮದಿಯೇ ಮುಖ್ಯವಾಗಿದ್ದಿರಬೇಕು. ಕಾರಣ ಏನೇ ಇರಲಿ, ನೆಲದ ಹಸಿವು ಒಂದಷ್ಟು ತಣಿದರೂ ಫೆಲುಕ್ಕಾದ ಬೀದಿಗಳು ಖಾಲಿಯಾದವು, ಅಲ್ಲಿನ ಮನೆಗಳಿಗೆ ಬೆಲೆ ತಂದುಕೊಟ್ಟಿದ್ದ ಓಡಾಟವೇ ನಿಂತುಹೋಯಿತು.

2003ರಲ್ಲಿ ಬಂದ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಇದನ್ನೇ ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿತು. ಗ್ರಹಗಳ ವಿಶಾಲ ಬಯಲುಗಳಲ್ಲಿ ಆಟಗಾರರೇ ಊರು ಕಟ್ಟಿ, ಮೇಯರನ್ನು ಆರಿಸಿ, ತೆರಿಗೆ ಹಾಕಬಹುದಿತ್ತು. ಇಂದಿಗೂ ಆ ವ್ಯವಸ್ಥೆಯನ್ನು ನೆನೆದು ಕೊರಗುವವರಿದ್ದಾರೆ, ಅವರ ಕೊರಗು ನ್ಯಾಯವಾದದ್ದೇ. ಆದರೆ ನಿರ್ವಹಣೆಯ ಹಣವನ್ನು ಮುಂಗಡವಾಗಿ ತುಂಬಿಸಿಟ್ಟು ಆಟ ಬಿಟ್ಟವರ ಮನೆಗಳು ಹಾಗೆಯೇ ನಿಂತುಬಿಟ್ಟವು. ನಮ್ಮ ಮಂಗಳೂರಿನ ಬಿಜೈ, ಕದ್ರಿ ಕಡೆಗೆ ರಾತ್ರಿ ಎಂಟರ ಮೇಲೆ ನಡೆದು ಬಂದರೆ, ಒಡೆಯರು ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ಫ್ಲ್ಯಾಟುಗಳು ದೀಪವಿಲ್ಲದೆ ನಿಂತಿರುವುದು ಕಾಣುತ್ತದೆ. ಮೆಯಿಂಟೆನೆನ್ಸ್ ತಪ್ಪದೆ ಪಾವತಿಯಾಗುತ್ತಿರುತ್ತದೆ, ಕಾಗದದ ಮೇಲೆ ಕಟ್ಟಡ ಭರ್ತಿಯಾಗಿರುತ್ತದೆ. ಗ್ಯಾಲಕ್ಸೀಸ್‌ನ ಎಷ್ಟೋ ಊರುಗಳು ಹೀಗೆಯೇ ಇದ್ದವು.

ಇಲ್ಲಿ ತಾಂತ್ರಿಕ ವಿಷಯವೊಂದನ್ನು ಹೇಳಬೇಕು, ಏಕೆಂದರೆ ಕಂಪನಿಗಳ ಹಿಂಜರಿಕೆಗೆ ಅದೂ ಕಾರಣ. ಆಟದ ಮನೆಯಲ್ಲಿ ನೀವು ಇಡುವ ಒಂದು ಕುರ್ಚಿ ಎಂದರೆ ಡೇಟಾಬೇಸಿನಲ್ಲಿ ಒಂದು ಸಾಲು: ಅದು ಯಾವ ವಸ್ತು, ಯಾವ ಮನೆಯದ್ದು, ಮೂರು ಅಕ್ಷಗಳಲ್ಲಿ ಎಲ್ಲಿದೆ, ಎಷ್ಟು ತಿರುಗಿದೆ, ಯಾವ ಬಣ್ಣ. ಇದನ್ನು ಉಳಿಸಿಡುವುದು ಇಂದು ದೊಡ್ಡ ಖರ್ಚಲ್ಲ. ಬಯಲಿನಲ್ಲಿರುವ ಮನೆಯ ಹತ್ತಿರ ಯಾರೇ ಸುಳಿದರೂ ಆ ಸಾಲುಗಳನ್ನೆಲ್ಲ ತಡವಿಲ್ಲದೆ ಅವರ ಕಂಪ್ಯೂಟರಿಗೆ ಕಳಿಸಬೇಕಾಗುವುದೂ, ಕಾಡಿನ ಆಕೃತಿ ಒಂದೇ ಇರುವಂತೆ ಮನೆಗಳು ಒಂದೇ ಇರದೆ ದಿನದಿನವೂ ಬದಲಾಗುತ್ತಿರುವುದೂ ನಿಜವಾದ ಹೊರೆ. ಬಾಗಿಲು ತೆರೆದಾಗ ಮಾತ್ರ ಹುಟ್ಟಿ, ಎಲ್ಲರೂ ಹೊರಬಂದ ಮೇಲೆ ಮಾಯವಾಗುವ ಪ್ರತ್ಯೇಕ ಪ್ರತಿಯನ್ನು, ಅಂದರೆ ಆಟಗಾರರ ಮಾತಿನಲ್ಲಿ ಇನ್‌ಸ್ಟೆನ್ಸನ್ನು, ಮಾಡಿಕೊಟ್ಟರೆ ಈ ಹೊರೆ ಬಹುಪಾಲು ಇಳಿಯುತ್ತದೆ. ಇಷ್ಟೇ ವಸ್ತುಗಳನ್ನು ಇಡಬಹುದು ಎಂಬ ಮಿತಿ ಮಾತ್ರ ಅಲ್ಲಿಯೂ ಇರುತ್ತದೆ, ಏಕೆಂದರೆ ಒಳಗೆ ಬರುವ ಅತಿಥಿಯ ಕಂಪ್ಯೂಟರು ಅಷ್ಟನ್ನೂ ಬಿಡಿಸಿ ತೋರಿಸಬೇಕಲ್ಲ. 2006ರಲ್ಲಿ ರೂನ್‌ಸ್ಕೇಪ್ ಕೊಟ್ಟ ಮನೆಗಳೂ, 2017ರ ಫೆಬ್ರುವರಿಯಲ್ಲಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಕೊಟ್ಟ ಮನೆಗಳೂ ಈ ಬಗೆಯವು. ಎಲ್ಲರಿಗೂ ಮನೆ ಸಿಗುತ್ತದೆ, ಕರೆಯದೆ ಎದುರಾಗುವ ನೆರೆಯವನು ಯಾರೂ ಇರುವುದಿಲ್ಲ.

ಈ ಎರಡರ ನಡುವಿನ ದಾರಿ ಫೈನಲ್ ಫ್ಯಾಂಟಸಿ 14ರದ್ದು. ನೀವು ಕೇಳಿಬಂದಿರುವ ಮನೆಯ ಬರ ಬಹುಶಃ ಅದೇ ಆಟದ್ದು. 2013ರ ಡಿಸೆಂಬರಿನಿಂದ ಅಲ್ಲಿ ವಾರ್ಡುಗಳಿವೆ, ಉಪವಿಭಾಗ ಸೇರಿ ಒಂದೊಂದು ವಾರ್ಡಿನಲ್ಲಿ 60 ನಿವೇಶನಗಳಿವೆ, ಬೀದಿ ಇದೆ, ಮಾರುಕಟ್ಟೆಯ ಫಲಕವಿದೆ, ಪಕ್ಕದ ಮನೆಯ ತೋಟ ಕಣ್ಣಿಗೆ ಬೀಳುತ್ತದೆ. ವಾರ್ಡುಗಳ ಸಂಖ್ಯೆಗೆ ಮಿತಿಯಿರುವುದರಿಂದ ಎಲ್ಲರಿಗೂ ಸಿಗುವುದಿಲ್ಲ. 2022ರ ಏಪ್ರಿಲಿನಿಂದ ಲಾಟರಿ ಜಾರಿಯಲ್ಲಿದೆ: ಐದು ದಿನ ಹೆಸರು ಕೊಡಬಹುದು, ಮುಂದಿನ ನಾಲ್ಕು ದಿನಗಳಲ್ಲಿ ಫಲಿತಾಂಶ, ಆಮೇಲೆ ಮತ್ತೆ ಮೊದಲಿನಿಂದ. ಸಿಕ್ಕಿದ ಮನೆಗೆ ಒಡೆಯ 45 ದಿನ ಕಾಲಿಡದಿದ್ದರೆ ಅದು ತಾನಾಗಿ ನೆಲಸಮವಾಗುತ್ತದೆ. ಅಲ್ಟಿಮಾದ ಸವೆತವೇ ಇನ್ನಷ್ಟು ಸಭ್ಯವಾದ ರೂಪದಲ್ಲಿ ಮರಳಿ ಬಂದಿದೆ ಎನ್ನಬಹುದು. ಈ ನಿಯಮವನ್ನು ಬೈಯುವವರು ಬಹಳ. ಆದರೂ, ನಿಯಮ ಇಲ್ಲದಿದ್ದರೆ ವಾರ್ಡಿನ ಅರ್ಧ ಮನೆಗಳಲ್ಲಿ ಆಟ ಬಿಟ್ಟವರ ಹೆಸರೇ ಉಳಿದಿರುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕರಾವಳಿಯ ಹುಡುಗರಿಗೆ ಈ 45 ದಿನದ ಲೆಕ್ಕ ಹೊಂದಿಬರುವುದು ಕಷ್ಟ ಎಂಬುದೂ ನಿಜ. ನಮ್ಮ ಗುಂಪಿನಲ್ಲಿ ಒಬ್ಬ ಮರ್ಚೆಂಟ್ ನೇವಿಯಲ್ಲಿದ್ದಾನೆ. ಹಡಗು ಹತ್ತಿದರೆ ತಿಂಗಳುಗಟ್ಟಲೆ ಆಟದ ಸುದ್ದಿಯಿಲ್ಲ. ಅವನು ಯೋಚಿಸಿಯೇ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಿ ಮನೆ ಮಾಡಿದ, ಏಕೆಂದರೆ ಅಲ್ಲಿ ಬಾಡಿಗೆಯಿಲ್ಲ, ಗಡುವಿಲ್ಲ. ಅಲ್ಲಿ ಗೆಳೆಯರಿಗೆ ಅಲಂಕಾರ ಮಾಡುವ ಅನುಮತಿ ಕೊಡಬಹುದು. ಹಾಗೆ ಅನುಮತಿ ಪಡೆದವರು ಇರುವ ವಸ್ತುಗಳನ್ನು ಸರಿಸಬಹುದೇ ಹೊರತು ಹೊಸದನ್ನು ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಅವನು ಸಿಂಗಾಪುರ ದಾಟುವ ಹೊತ್ತಿಗೆ ನಾವು ಊಟದ ಮೇಜನ್ನು ಎಂಟೂ ಕುರ್ಚಿಗಳ ಸಮೇತ ಮಾಡಿನ ಮೇಲೆ ಏರಿಸಿ ಇಟ್ಟಿದ್ದೆವು. ಮರಳಿ ಬಂದವನು ಅದನ್ನು ಕೆಳಗಿಳಿಸಲಿಲ್ಲ, ಈಗ ನಮ್ಮ ಕೂಟವೆಲ್ಲ ಮಾಡಿನ ಮೇಲೆಯೇ ನಡೆಯುತ್ತದೆ. ಇನ್‌ಸ್ಟೆನ್ಸ್ ಮನೆಗೆ ನೆರೆಕರೆ ಇಲ್ಲದಿದ್ದರೂ, ಗುಂಪು ತನ್ನದೇ ಆಗಿದ್ದರೆ ಅದು ದೊಡ್ಡ ಕೊರತೆಯಾಗಿ ಕಾಣುವುದಿಲ್ಲ.

ಇನ್ನು ಲೋಕ ಬೆಳೆಯುವ ವಿಷಯ. ವಾರ್ಕ್ರಾಫ್ಟ್‌ನಂತಹ ಆಟದಲ್ಲಿ ಪ್ರತಿ ವಿಸ್ತರಣೆಯೂ, ಅಂದರೆ ಕಂಪನಿ ಆಮೇಲೆ ಆಟಕ್ಕೆ ಸೇರಿಸುವ ಹೊಸ ಭಾಗವೂ, ಹೊಸ ಖಂಡ, ಪಾತ್ರ ಏರಬೇಕಾದ ಹೊಸ ಮಟ್ಟ, ಹೊಸ ಆಯುಧ ತರುತ್ತದೆ, ಅದರ ಜತೆಗೆ ನಿನ್ನೆಯವರೆಗಿನ ಖಂಡದಲ್ಲಿ ಇರಲು ಕಾರಣವಿಲ್ಲದಂತೆ ಮಾಡುತ್ತದೆ. ಎವರ್‌ಕ್ವೆಸ್ಟ್ 1999ರಿಂದ ಇಂದಿನವರೆಗೆ 30ಕ್ಕೂ ಹೆಚ್ಚು ವಿಸ್ತರಣೆಗಳನ್ನು ಕಂಡಿದೆ. ಅಷ್ಟು ನೆಲವನ್ನು ತುಂಬುವಷ್ಟು ಆಟಗಾರರು ಯಾವ ಆಟಕ್ಕೂ ಇಲ್ಲ. ವಾರ್ಕ್ರಾಫ್ಟ್ 2010ರಲ್ಲಿ ತನ್ನ ಹಳೆಯ ಲೋಕವನ್ನು ಒಡೆದು ಹೊಸದಾಗಿ ಕಟ್ಟಿತು, 2020ರಲ್ಲಿ 120ಕ್ಕೆ ಏರಿದ್ದ ಗರಿಷ್ಠ ಮಟ್ಟವನ್ನು 60ಕ್ಕೆ ಇಳಿಸಿತು. ಗಿಲ್ಡ್ ವಾರ್ಸ್ 2 ನನ್ನ ದೃಷ್ಟಿಯಲ್ಲಿ ಹೆಚ್ಚು ವಿವೇಕ ತೋರಿದೆ: 2012ರಲ್ಲಿ ಇಟ್ಟ 80ನೆಯ ಮಟ್ಟದ ಮಿತಿಯನ್ನು ಅದು ಏರಿಸಿಯೇ ಇಲ್ಲ, ಹಳೆಯ ಪ್ರದೇಶಕ್ಕೆ ಹೋದವನ ಬಲವನ್ನು ಆ ಪ್ರದೇಶದ ಮಟ್ಟಕ್ಕೆ ಇಳಿಸುತ್ತದೆ, ಹಾಗಾಗಿ ಹಳೆಯ ಊರುಗಳಲ್ಲಿ ಇಂದಿಗೂ ಜನ ಸಿಗುತ್ತಾರೆ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಕೂಡ 2016ರ ಅಕ್ಟೋಬರಿನಲ್ಲಿ ಎಲ್ಲ ಪ್ರದೇಶಗಳನ್ನೂ ಒಂದೇ ಮಟ್ಟಕ್ಕೆ ತಂದು ಇದೇ ಫಲ ಪಡೆಯಿತು.

ಮನೆಯನ್ನು ಒಂದು ವಿಸ್ತರಣೆಗೆ ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ವಾರ್ಕ್ರಾಫ್ಟ್‌ನ ಗ್ಯಾರಿಸನ್ ಸಾಕ್ಷಿ. 2014ರ ನವೆಂಬರಿನಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಗಣಿ, ತೋಟ, ಕೆಲಸದಾಳುಗಳಿರುವ ಸ್ವಂತ ಕೋಟೆ ಸಿಕ್ಕಿತು. ಬೇಕಾದದ್ದೆಲ್ಲ ಅಂಗಳದಲ್ಲೇ ದೊರೆತದ್ದರಿಂದ ಜನ ಹೊರಗೆ ಬರುವುದನ್ನೇ ಬಿಟ್ಟರು, ಪಟ್ಟಣಗಳು ಖಾಲಿ ಹೊಡೆದವು. ಎರಡು ವರ್ಷದೊಳಗೆ ಮುಂದಿನ ವಿಸ್ತರಣೆ ಬಂದಾಗ ಆ ಕೋಟೆ ಹಳೆಯ ಖಂಡದಲ್ಲೇ ಉಳಿದುಹೋಯಿತು. ಅದೇ ಕಂಪನಿ 2025ರ ಡಿಸೆಂಬರಿನಲ್ಲಿ ಮೊದಲ ಹಂತವಾಗಿ ತೆರೆದ ಹೊಸ ಮನೆಗಳಲ್ಲಿ ಈ ಅನುಭವದ ಗುರುತು ಎದ್ದು ಕಾಣುತ್ತದೆ: ಲಾಟರಿ ಇಲ್ಲ, ದುಬಾರಿ ನಿರ್ವಹಣೆ ಇಲ್ಲ, ಸುಮಾರು 50 ಮನೆಗಳ ಬಡಾವಣೆಗಳು, ಒಂದು ತುಂಬಿದರೆ ಸರ್ವರ್ ಇನ್ನೊಂದನ್ನು ತೆರೆಯುತ್ತದೆ. ನೆಲದ ಬರ ಪೂರ್ತಿಯಾಗಿ ನೀಗಿದಂತಾಯಿತು. ಆ ಐವತ್ತು ಮನೆಯವರು ಒಬ್ಬರನ್ನೊಬ್ಬರು ಮಾತಾಡಿಸುತ್ತಾರೆಯೇ ಎಂಬುದು ಸರ್ವರ್ ತೀರ್ಮಾನಿಸುವ ಸಂಗತಿಯಲ್ಲ. ನೋ ಮ್ಯಾನ್ಸ್ ಸ್ಕೈ ಎಂಬ ಆಟದಲ್ಲಿ ಗ್ರಹಗಳ ಸಂಖ್ಯೆ 2ರ 64ನೆಯ ಘಾತ, ಬೇಕೆನಿಸಿದರೆ ಒಬ್ಬೊಬ್ಬರಿಗೂ ಕೋಟಿಗಟ್ಟಲೆ ಗ್ರಹ ಹಂಚಬಹುದು; ಅಷ್ಟಿದ್ದೂ ಆಟಗಾರರು ತಾವಾಗಿಯೇ ಗ್ಯಾಲಕ್ಟಿಕ್ ಹಬ್ ಎಂದು ಒಂದು ಮೂಲೆಯನ್ನು ಗೊತ್ತುಮಾಡಿಕೊಂಡು, ಅಲ್ಲಿ ಒಬ್ಬರ ಪಕ್ಕ ಒಬ್ಬರು ಮನೆ ಕಟ್ಟಿಕೊಂಡಿದ್ದಾರೆ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ನೀವು ನಾಲ್ವರು ಈಗಾಗಲೇ ಜತೆಗಿರುವುದರಿಂದ ನಿಮಗೆ ಬೀದಿಯ ಅಗತ್ಯ ಕಡಿಮೆ; ಸೆಮಿಸ್ಟರ್ ಪರೀಕ್ಷೆ, ಇಂಟರ್ನ್‌ಶಿಪ್, ರಜೆ ಎಂದು ಆಟ ನಿಲ್ಲುವುದೂ ಖಂಡಿತ. ಆದ್ದರಿಂದ ಗಡುವಿಲ್ಲದ ಮನೆಯನ್ನೇ ನಾನು ಸೂಚಿಸುತ್ತೇನೆ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ಗೆ ತಿಂಗಳ ಚಂದಾ ಕಡ್ಡಾಯವಿಲ್ಲ, ಚಿಕ್ಕದೊಂದು ಕೋಣೆ ಉಚಿತವಾಗಿಯೇ ಸಿಗುತ್ತದೆ. ಅಲ್ಲಿನ ಅಂಗಡಿಯಲ್ಲಿ ನಿಜವಾದ ಹಣಕ್ಕೆ ಮಾರುವ ದೊಡ್ಡ ಬಂಗಲೆಗಳತ್ತ ನೋಡಬೇಡಿ, ಕೆಲವಕ್ಕೆ ಆಟಕ್ಕಿಂತ ಹೆಚ್ಚಿನ ಬೆಲೆಯಿದೆ. ಗಿಲ್ಡ್ ವಾರ್ಸ್ 2ಕ್ಕೂ ಚಂದಾ ಇಲ್ಲ, ಆದರೆ ಅದರ ಹೋಮ್‌ಸ್ಟೆಡ್ ಎಂಬ ಮನೆ 2024ರ ವಿಸ್ತರಣೆಯೊಂದಿಗೆ ಬಂದದ್ದರಿಂದ ಆ ವಿಸ್ತರಣೆಯನ್ನು ಕೊಳ್ಳಬೇಕಾಗುತ್ತದೆ. ಬೀದಿ, ತೋಟ, ನೆರೆಯವರು ಬೇಕೇ ಬೇಕು ಎನ್ನುವುದಾದರೆ ವಾರ್ಕ್ರಾಫ್ಟ್ ನೋಡಿ, ಚಂದಾ ಕಟ್ಟಲು ಸಿದ್ಧರಿರಬೇಕು. ಫೈನಲ್ ಫ್ಯಾಂಟಸಿಯನ್ನು ಉಚಿತ ಪ್ರಯೋಗದಲ್ಲಿ ಎಷ್ಟು ಕಾಲ ಬೇಕಾದರೂ ಆಡಬಹುದು, ಆದರೆ ಅಲ್ಲಿ ಕೈಯಲ್ಲಿಡಬಹುದಾದ ಹಣ 3 ಲಕ್ಷ ಗಿಲ್‌ಗೆ ನಿಲ್ಲುತ್ತದೆ, ಅಪಾರ್ಟ್‌ಮೆಂಟಿನ ಒಂದು ಕೋಣೆಗೇ 5 ಲಕ್ಷ ಬೇಕು.

ಕೊನೆಯದಾಗಿ ಹಣದ ಮಾತು. ಗ್ಯಾಲಕ್ಸೀಸ್ 2011ರ ಡಿಸೆಂಬರ್ 15ರಂದು ಮುಚ್ಚಿತು. ಮನೆಗಳಿಗಾಗಿಯೇ ಹೆಸರಾಗಿದ್ದ ವೈಲ್ಡ್‌ಸ್ಟಾರ್ 2014ರಲ್ಲಿ ಬಂದು 2018ರಲ್ಲಿ ನಿಂತುಹೋಯಿತು. ಎರಡರಲ್ಲೂ ಯಾರ ಮನೆಯೂ ಉಳಿಯಲಿಲ್ಲ. ಹಾಗಾಗಿ ಮೊದಲ ಕೆಲವು ತಿಂಗಳು ಆಟದೊಳಗೆ ಗಳಿಸಿದ ಚಿನ್ನದಲ್ಲೇ ಮನೆ ನಡೆಸಿ, ನಾಲ್ವರಲ್ಲಿ ಒಬ್ಬರ ಹೆಸರಿನಲ್ಲಿ ಮಾತ್ರ ಕೊಂಡು ಉಳಿದ ಮೂವರಿಗೆ ಅನುಮತಿ ಕೊಡಿಸಿ. ಯಾರ ಹೆಸರಿನಲ್ಲಿ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ, ಏಕೆಂದರೆ ಮುಂದೆ ಅವರು ಆಟ ಬಿಟ್ಟರೂ ಮನೆಯನ್ನು ಇನ್ನೊಬ್ಬರ ಖಾತೆಗೆ ವರ್ಗಾಯಿಸಲು ಬರುವುದಿಲ್ಲ.