ಬಸ್ಸಲ್ಲೇ ರಂಗನತಿಟ್ಟಿಗೆ ಹೋಗಿಬರಬಹುದಾ?

ಪ್ರಶ್ನೆ: ನಾವು ತುಮಕೂರಿನವರು, ಕಾರಿಲ್ಲ. ಅಮ್ಮ ಮತ್ತು ಮಗಳ ಜೊತೆ ರಂಗನತಿಟ್ಟು ನೋಡಿ ಅದೇ ದಿನ ವಾಪಸ್ ಬರಬಹುದಾ? ದ್ವೀಪಗಳ ಮೇಲೆ ಇಳಿಯಲು ಬಿಡುತ್ತಾರಾ?
– ಓದುಗರು, ತುಮಕೂರು

ಉತ್ತರ: ಆರಾಮಾಗಿ ಹೋಗಿಬನ್ನಿ. ಆದರೆ ತಟ್ಟೆ ಇಡ್ಲಿ ತಿಂದೇ ಹೊರಡೋಣ ಅಂತ ಕೂತರೆ ಅಲ್ಲೇ ಬಿಸಿಲೇರುತ್ತದೆ, ಪಾರ್ಸೆಲ್ ಕಟ್ಟಿಸಿಕೊಂಡು ಬೆಳಗಿನ ಮೈಸೂರು ಬಸ್ ಹತ್ತಿ. ಹತ್ತುವ ಮುಂಚೆ ಶ್ರೀರಂಗಪಟ್ಟಣದ ಒಳಗೆ ಹೋಗುತ್ತಾ ಅಂತ ಕಂಡಕ್ಟರನ್ನು ಕೇಳಿ. ನಾನೊಮ್ಮೆ ಕೇಳದೆ ಹತ್ತಿ ಸೀದಾ ಮೈಸೂರಲ್ಲಿ ಇಳಿದಿದ್ದೆ! ಪಟ್ಟಣದಿಂದ ಪಕ್ಷಿಧಾಮ ಸುಮಾರು 4 ಕಿ.ಮೀ., ಆಟೋ ಮಾಡಿಕೊಳ್ಳಿ.

ದ್ವೀಪಕ್ಕೆ ಇಳಿಸುವುದಿಲ್ಲ, ದೋಣಿಯಲ್ಲಿ ಸುತ್ತಿಸುತ್ತಾರೆ. ಇಳಿಸದಿರುವುದೇ ಒಳ್ಳೆಯದು, ಅಲ್ಲಿ ಮರಿಗಳಿರುತ್ತವೆ, ಅಲ್ವಾ? ಕಾವೇರಿಗೆ 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ್ ಕಟ್ಟಿಸಿದ ಒಡ್ಡಿನಿಂದ ಆದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಹುಟ್ಟು ಹಾಕುವವರು ಬಂಡೆಯ ಹತ್ತಿರ ಸುಮ್ನೆ ಕೈ ನಿಲ್ಲಿಸುತ್ತಾರೆ, ನೋಡಿದರೆ ಬಂಡೆಯದೇ ಬಣ್ಣದ ಮೊಸಳೆ ಬಾಯಿ ಕಳೆದುಕೊಂಡು ಬಿಸಿಲು ಕಾಯುತ್ತಿರುತ್ತದೆ, ಅದರ ತಲೆಯ ಮೇಲಿನ ಕೊಂಬೆಯಲ್ಲೇ ಬಣ್ಣದ ಕೊಕ್ಕರೆಗಳು ಟಪಟಪ ಕೊಕ್ಕು ಬಡಿಯುತ್ತಿರುತ್ತವೆ. ಮಗಳ ಕೈ ಮಾತ್ರ ನೀರಿಗೆ ಬಿಡಬೇಡಿ.

ಜನವರಿಯಿಂದ ಏಪ್ರಿಲ್ ಒಳಗೆ ಹೋದರೆ ಗೂಡುಗಳು ಜಾಸ್ತಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜೋರಾಗಿ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ.

ಅಮ್ಮನಿಗೆ ಅಷ್ಟು ದೂರ ಕಷ್ಟವಾದರೆ ನಮ್ಮ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ. ಅಲ್ಲಿ ದ್ವೀಪವೂ ಇಲ್ಲ, ದೋಣಿಯೂ ಇಲ್ಲ, ಇದೇ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರದಲ್ಲೇ ಸಂಸಾರ ಹೂಡುತ್ತವೆ.