ಒಲೆಯ ಬಿಸಿಗೆ ಹಾಳಾದ ಕಪಾಟಿನ ಬಾಗಿಲು

ಒಲೆಯ ಪಕ್ಕದ ಕಪಾಟಿನ ಬಾಗಿಲು ಬಿಸಿಗೆ ಹಾಳಾದರೆ ಸರಿಪಡಿಸಬಹುದೇ ಎಂದು ಕೇಳಿದ್ದೀರಿ. ಅದರ ಮೇಲಿರುವುದು ಸನ್‌ಮೈಕಾವೋ ಪಿವಿಸಿ ಹಾಳೆಯೋ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಸನ್‌ಮೈಕಾ ಸಾಮಾನ್ಯವಾಗಿ ಬಿಸಿಯನ್ನು ತಾಳಿಕೊಳ್ಳುತ್ತದೆ, ಸೋಲುವುದು ಅದರಡಿಯ ಅಂಟು. ಆದ್ದರಿಂದ ಹಳೆಯ ಅಂಟನ್ನು ಕೆರೆದು ತೆಗೆದು, ಎರಡೂ ಮೈಗಳಿಗೆ ರಬ್ಬರ್ ಅಂಟನ್ನು ತೆಳುವಾಗಿ ಸವರಿ, ಅದು ಕೈಗೆ ಹತ್ತದಷ್ಟು ಆರಿದ ಮೇಲೆ ಬಲವಾಗಿ ಒತ್ತಿ ಕೂರಿಸಿದರೆ ಸಾಕು. ಪಿವಿಸಿ ಹಾಳೆಯಾದರೋ ಸುಮಾರು 80 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗಿ ಅಂಚಿನಿಂದ ಕುಗ್ಗುತ್ತದೆ. ಕುಗ್ಗಿದ್ದನ್ನು ಎಳೆದು ಮೊದಲಿನ ಅಳತೆಗೆ ತರುವ ಪ್ರಯತ್ನ ನನ್ನ ದೃಷ್ಟಿಯಲ್ಲಿ ವ್ಯರ್ಥ. ಅದನ್ನು ಪೂರ್ತಿ ಸುಲಿದು, ಒಳಗಿನ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಪ್ರೈಮರ್ ಹಚ್ಚಿ ಬಣ್ಣ ಬಳಿಯುವುದೇ ಮೇಲು. ಹಲಗೆಯೇ ಉಬ್ಬಿದ್ದರೆ (ಅದು ಬಿಸಿಗಿಂತ ಹಬೆಯ ಕೆಲಸ) ಹೊಸ ಬಾಗಿಲನ್ನೇ ಮಾಡಿಸಬೇಕಾಗುತ್ತದೆ.